ವಿಧಾನಸಭೆಗೆ ಹಳ್ಳಿಯ ಜೈನ ಅಭ್ಯರ್ಥಿ: ವೇಣೂರಿನಿಂದ ಜಯನಗರದವರೆಗೆ

2011ರ ಜನಗಣತಿಯಂತೆ ಕರ್ನಾಟಕದಲ್ಲಿರುವ ಜೈನರ ಸಂಖ್ಯೆ 4,40,280. ರಾಜ್ಯದ ಜನಸಂಖ್ಯೆಯಲ್ಲಿ ಇದು ಶೇ. 0.72 ಮಾತ್ರ. ವಿಧಾನಸಭೆಯ 224 ಕ್ಷೇತ್ರಗಳಿಗೆ ಸಮನಾಗಿ ಹಂಚಿದರೆ ಒಂದು ಕ್ಷೇತ್ರಕ್ಕೆ ಎರಡು ಸಾವಿರಕ್ಕಿಂತ ಕಡಿಮೆ ಜನ ಬರುತ್ತಾರೆ. ಅದರಲ್ಲಿ ಮಕ್ಕಳೂ ಸೇರಿದ್ದಾರೆ. ಬೆಳಗಾವಿ ಜಿಲ್ಲೆಯ ಕೆಲವು ತಾಲ್ಲೂಕುಗಳನ್ನು ಬಿಟ್ಟರೆ ಸಮಾಜದ ಮತಗಳಿಂದಲೇ ಗೆಲ್ಲಬಹುದೆಂಬ ಲೆಕ್ಕ ಎಲ್ಲಿಯೂ ಹೊಂದುವುದಿಲ್ಲ. ಹೀಗಿದ್ದರೂ ಹಳ್ಳಿಗಳಿಂದ ಹೊರಟ ಹಲವು ಜೈನರು ವಿಧಾನಸೌಧದ ಮೆಟ್ಟಿಲು ಹತ್ತಿದ್ದಾರೆ. ಅವರ ದಾರಿ ಯಾವುದು, ಮೊದಲ ಬಾರಿ ನಿಲ್ಲುವವರಿಗೆ ಕಾನೂನು ಏನು ಹೇಳುತ್ತದೆ, ಬೆಂಗಳೂರಿನ ದಕ್ಷಿಣ ಭಾಗದಲ್ಲಿ ನೆಲೆಸಿರುವ ಸಮಾಜ ಬಾಂಧವರಿಗೆ ಇದರಲ್ಲಿ ಯಾವ ಪಾತ್ರವಿದೆ ಎಂಬುದರ ವಿವರ ಇಲ್ಲಿದೆ.

ವೇಣೂರಿನ ವಕೀಲ

ಬೆಳ್ತಂಗಡಿ ತಾಲ್ಲೂಕಿನ ವೇಣೂರು ಫಲ್ಗುಣಿ ನದಿಯ ದಡದಲ್ಲಿರುವ ಊರು. ಅಜಿಲ ಅರಸರು 1604ರಲ್ಲಿ ಪ್ರತಿಷ್ಠಾಪಿಸಿದ 35 ಅಡಿ ಎತ್ತರದ ಬಾಹುಬಲಿ ಮೂರ್ತಿಯಿಂದ ಇದು ಪ್ರಸಿದ್ಧ. ಇದೇ ಊರಿನಲ್ಲಿ 1951ರಲ್ಲಿ ಜನಿಸಿದ ವಿ. ಧನಂಜಯ ಕುಮಾರ್ ಕಾನೂನು ಓದಿ ವಕೀಲರಾದರು. 1983ರ ಜನವರಿಯ ಚುನಾವಣೆಯಲ್ಲಿ ಭಾರತೀಯ ಜನತಾ ಪಕ್ಷದಿಂದ ಮಂಗಳೂರು ಕ್ಷೇತ್ರದಲ್ಲಿ ಗೆದ್ದು ಮೊದಲ ಬಾರಿ ವಿಧಾನಸಭೆ ಪ್ರವೇಶಿಸಿದಾಗ ಅವರಿಗೆ 31 ವರ್ಷ.

ಆಗ ಪಕ್ಷ ಹುಟ್ಟಿ ಮೂರು ವರ್ಷವೂ ತುಂಬಿರಲಿಲ್ಲ. ರಾಜ್ಯದಲ್ಲಿ ಅದಕ್ಕೆ ದೊರೆತದ್ದು 18 ಸ್ಥಾನ. ಉಡುಪಿಯಲ್ಲಿ ವಿ.ಎಸ್. ಆಚಾರ್ಯ, ಬೆಳ್ತಂಗಡಿಯಲ್ಲಿ ಕೆ. ವಸಂತ ಬಂಗೇರ, ಪುತ್ತೂರಿನಲ್ಲಿ ಉರಿಮಜಲು ಕೆ. ರಾಮ ಭಟ್ ಗೆದ್ದದ್ದೂ ಅದೇ ಚುನಾವಣೆಯಲ್ಲಿ. ಜನತಾ ಪಕ್ಷದ ರಾಮಕೃಷ್ಣ ಹೆಗಡೆ ಅವರು ಇವರ ಹೊರಗಿನ ಬೆಂಬಲದಿಂದ ಸರ್ಕಾರ ರಚಿಸಿದರು. ಹಿಂದೂ, ಕ್ರೈಸ್ತ, ಮುಸ್ಲಿಂ ಮತದಾರರೆಲ್ಲ ಇರುವ ಕರಾವಳಿಯ ನಗರ ಕ್ಷೇತ್ರದಲ್ಲಿ ಹಳ್ಳಿಯಿಂದ ಬಂದ ಯುವ ಜೈನ ವಕೀಲರೊಬ್ಬರು ಗೆದ್ದದ್ದು ಸಮಾಜದ ಸಂಖ್ಯಾಬಲದಿಂದಲ್ಲ. ಪಕ್ಷದ ಸಂಘಟನೆ ಮತ್ತು ಆ ವರ್ಷ ಬೀಸಿದ ಬದಲಾವಣೆಯ ಗಾಳಿ ಎರಡೂ ಅವರ ಬೆನ್ನಿಗಿದ್ದವು.

ಆ ಗಾಳಿ ಹೆಚ್ಚು ಕಾಲ ನಿಲ್ಲಲಿಲ್ಲ. 1985ರಲ್ಲಿ ಕ್ಷೇತ್ರ ಕಾಂಗ್ರೆಸ್‌ನ ಬ್ಲೇಸಿಯಸ್ ಡಿಸೋಜ ಅವರ ಪಾಲಾಯಿತು. ಆದರೆ 1991ರಲ್ಲಿ ಧನಂಜಯ ಕುಮಾರ್ ಮಂಗಳೂರು ಲೋಕಸಭಾ ಕ್ಷೇತ್ರದಲ್ಲಿ, ಸತತ ನಾಲ್ಕು ಬಾರಿ ಗೆದ್ದಿದ್ದ ಬಿ. ಜನಾರ್ದನ ಪೂಜಾರಿ ಅವರನ್ನು ಸೋಲಿಸಿದರು. 1996, 1998 ಮತ್ತು 1999ರಲ್ಲಿಯೂ ಗೆದ್ದರು. 1996ರ ವಾಜಪೇಯಿ ಅವರ ಹದಿಮೂರು ದಿನಗಳ ಸರ್ಕಾರದಲ್ಲಿ ನಾಗರಿಕ ವಿಮಾನಯಾನ ಸಚಿವರಾಗಿದ್ದರು. 1999ರ ನಂತರ ಕೇಂದ್ರದಲ್ಲಿ ರಾಜ್ಯ ಸಚಿವರಾದರು. ಕೊನೆಯ ವರ್ಷಗಳಲ್ಲಿ ಪಕ್ಷ ಬದಲಿಸಿದ್ದರು. 2019ರ ಮಾರ್ಚ್‌ನಲ್ಲಿ ಮಂಗಳೂರಿನಲ್ಲಿ ನಿಧನರಾದರು.

ಇತರ ದಾರಿಗಳು

ಅವರಿಗಿಂತ ಮೊದಲು, 1957ರಲ್ಲಿ, ಧರ್ಮಸ್ಥಳದ ಧರ್ಮಾಧಿಕಾರಿಗಳಾಗಿದ್ದ ಡಿ. ರತ್ನವರ್ಮ ಹೆಗ್ಗಡೆ ಅವರು ಕಾಂಗ್ರೆಸ್‌ನಿಂದ ಬೆಳ್ತಂಗಡಿಯ ಶಾಸಕರಾಗಿದ್ದರು. ಅವರ ಬೆನ್ನಿಗೆ ಕ್ಷೇತ್ರದ ಗೌರವವಿತ್ತು. ಕೆ. ಅಭಯಚಂದ್ರ ಜೈನ್ ಅವರು ಮೂಡುಬಿದಿರೆಯಿಂದ 1999, 2004, 2008, 2013ರಲ್ಲಿ ಸತತ ನಾಲ್ಕು ಬಾರಿ ಗೆದ್ದು, ಮೀನುಗಾರಿಕೆ ಮತ್ತು ಯುವಜನ ಸೇವೆ ಹಾಗೂ ಕ್ರೀಡಾ ಸಚಿವರಾದರು, 2018ರಲ್ಲಿ ಸೋತರು. ಬೆಳಗಾವಿ ಜಿಲ್ಲೆಯಲ್ಲಿ ಅಭಯ ಪಾಟೀಲ ಅವರು 2004ರಲ್ಲಿ ಗ್ರಾಮೀಣ ಕ್ಷೇತ್ರವಾಗಿದ್ದ ಬಾಗೇವಾಡಿಯಿಂದ ಆರಂಭಿಸಿ ಮುಂದೆ ಬೆಳಗಾವಿ ದಕ್ಷಿಣಕ್ಕೆ ಬಂದರು.

ಡಿ. ಸುಧಾಕರ್ ಅವರ ಉದಾಹರಣೆ ಬೇರೆಯದೇ ಪಾಠ ಹೇಳುತ್ತದೆ. 2004ರಲ್ಲಿ ಅವರು ಗೆದ್ದ ಚಳ್ಳಕೆರೆ ಕ್ಷೇತ್ರ ಪುನರ್ವಿಂಗಡಣೆಯ ನಂತರ ಪರಿಶಿಷ್ಟ ಪಂಗಡಕ್ಕೆ ಮೀಸಲಾಯಿತು. 2008ರಲ್ಲಿ ಅವರು ಪಕ್ಕದ ಹಿರಿಯೂರಿನಿಂದ ಪಕ್ಷೇತರರಾಗಿ ನಿಂತು ಗೆದ್ದು ಸಚಿವರೂ ಆದರು. ಸ್ವಂತ ಊರಿನ ಕ್ಷೇತ್ರ ಕೈತಪ್ಪಿದರೂ ಊರಾಚೆ ಹೆಸರು ಉಳಿಸಿಕೊಂಡವರಿಗೆ ಇನ್ನೊಂದು ಬಾಗಿಲು ತೆರೆಯಿತು.

ಜೈನರಿಗೆ 2014ರ ಜನವರಿಯಲ್ಲಿ ರಾಷ್ಟ್ರಮಟ್ಟದ ಅಲ್ಪಸಂಖ್ಯಾತ ಮಾನ್ಯತೆ ದೊರೆಯಿತು. ಆದರೆ ಅದರಿಂದ ವಿಧಾನಸಭೆಯಲ್ಲಿ ಸ್ಥಾನ ಮೀಸಲಾಗುವುದಿಲ್ಲ. ಆದ್ದರಿಂದ ಜೈನ ಅಭ್ಯರ್ಥಿ ಎಂದಿಗೂ ಎಲ್ಲರ ಅಭ್ಯರ್ಥಿಯಾಗಿಯೇ ನಿಲ್ಲಬೇಕು. ಸಹಕಾರ ಸಂಘ, ಹಾಲಿನ ಡೇರಿ, ಗ್ರಾಮ ಪಂಚಾಯಿತಿ, ಶಾಲೆಯ ಸಮಿತಿಗಳಲ್ಲಿ ಮಾಡಿದ ಕೆಲಸವೇ ಅವರಿಗೆ ಬಂಡವಾಳ.

ನಿಲ್ಲಲು ಬೇಕಾದದ್ದು

ಅಭ್ಯರ್ಥಿಗೆ 25 ವರ್ಷ ತುಂಬಿರಬೇಕು. ರಾಜ್ಯದ ಯಾವುದಾದರೂ ಒಂದು ವಿಧಾನಸಭಾ ಕ್ಷೇತ್ರದ ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ಸಾಕು. ಸಾಮಾನ್ಯ ಕ್ಷೇತ್ರಗಳಲ್ಲಿ ಎಲ್ಲಿ ಬೇಕಾದರೂ ಸ್ಪರ್ಧಿಸಬಹುದು. ನಾಗಮಂಗಲದ ಮತದಾರರು ಜಯನಗರದಲ್ಲಿ ನಿಲ್ಲಬಹುದು, ಜೆ.ಪಿ. ನಗರದಲ್ಲಿ ನೆಲೆಸಿದವರು ತಮ್ಮ ಊರಿನಲ್ಲಿ ನಿಲ್ಲಬಹುದು. ನಾಮಪತ್ರಕ್ಕೆ ಮಾನ್ಯತೆ ಪಡೆದ ಪಕ್ಷದವರಾದರೆ ಒಬ್ಬ ಸೂಚಕರು, ಪಕ್ಷೇತರರಾದರೆ ಹತ್ತು ಸೂಚಕರು ಬೇಕು. ಸೂಚಕರು ಮಾತ್ರ ಅದೇ ಕ್ಷೇತ್ರದ ಮತದಾರರಾಗಿರಬೇಕು. ಆಸ್ತಿ, ಸಾಲ, ಶಿಕ್ಷಣ ಮತ್ತು ಮೊಕದ್ದಮೆಗಳ ವಿವರವನ್ನು ನಮೂನೆ 26ರ ಪ್ರಮಾಣಪತ್ರದಲ್ಲಿ ಕೊಡಬೇಕು. ಅದರಲ್ಲಿ ಖಾಲಿ ಜಾಗ ಬಿಡುವಂತಿಲ್ಲ.

ಠೇವಣಿ 10,000 ರೂಪಾಯಿ. ಪರಿಶಿಷ್ಟ ಜಾತಿ, ಪಂಗಡದವರಿಗೆ 5,000. ಸಿಂಧು ಮತಗಳಲ್ಲಿ ಆರನೇ ಒಂದು ಭಾಗಕ್ಕಿಂತ ಹೆಚ್ಚು ಪಡೆಯದೆ ಸೋತರೆ ಠೇವಣಿ ಹೋಗುತ್ತದೆ. ಕರ್ನಾಟಕದಲ್ಲಿ ವಿಧಾನಸಭಾ ಅಭ್ಯರ್ಥಿಯ ವೆಚ್ಚದ ಮಿತಿಯನ್ನು 2022ರಲ್ಲಿ 40 ಲಕ್ಷ ರೂಪಾಯಿಗೆ ಏರಿಸಲಾಯಿತು. ಚುನಾವಣೆಗೆಂದೇ ಪ್ರತ್ಯೇಕ ಬ್ಯಾಂಕ್ ಖಾತೆ ತೆರೆದು ಎಲ್ಲ ವೆಚ್ಚವನ್ನೂ ಅದರ ಮೂಲಕ ಮಾಡಬೇಕು. ಫಲಿತಾಂಶದ ನಂತರ 30 ದಿನಗಳೊಳಗೆ ಲೆಕ್ಕ ಒಪ್ಪಿಸದಿದ್ದರೆ ಮೂರು ವರ್ಷ ಅನರ್ಹತೆಗೆ ಗುರಿಯಾಗಬಹುದು. ಸೋತವರು ಬೇಸರದಲ್ಲಿ ಮರೆಯುವುದು ಈ ಲೆಕ್ಕವನ್ನೇ. ಮೊದಲ ಬಾರಿ ಸೋತು ಮುಂದಿನ ಸಲ ನಿಲ್ಲಬೇಕೆಂದಿರುವವರು ಇದನ್ನು ಮರೆತರೆ ಆ ಅವಕಾಶವನ್ನೇ ಕಳೆದುಕೊಳ್ಳಬಹುದು.

ಬಸದಿ ಮತ್ತು ಪ್ರಚಾರ

ಜನಪ್ರತಿನಿಧಿ ಕಾಯ್ದೆಯ 123(3)ನೇ ಕಲಂ ಧರ್ಮ, ಜಾತಿ, ಭಾಷೆಯ ಹೆಸರಿನಲ್ಲಿ ಮತ ಕೇಳುವುದನ್ನು ಭ್ರಷ್ಟ ಆಚರಣೆ ಎನ್ನುತ್ತದೆ. ಇದು ಅಭ್ಯರ್ಥಿಯ ಧರ್ಮಕ್ಕಷ್ಟೇ ಅಲ್ಲ, ಮತದಾರರ ಧರ್ಮಕ್ಕೂ ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟ್‌ನ ಏಳು ನ್ಯಾಯಮೂರ್ತಿಗಳ ಪೀಠ 2017ರ ಜನವರಿ 2ರಂದು ಬಹುಮತದ ತೀರ್ಪು ನೀಡಿದೆ. ಆರೋಪ ಸಾಬೀತಾದರೆ ಗೆದ್ದ ಸ್ಥಾನವೇ ರದ್ದಾಗುತ್ತದೆ. ಧಾರ್ಮಿಕ ಸಂಸ್ಥೆಗಳ ದುರ್ಬಳಕೆ ತಡೆಯುವ 1988ರ ಕಾನೂನಿನಂತೆ ಬಸದಿ, ಮಠಗಳ ಆವರಣವನ್ನು ರಾಜಕೀಯ ಚಟುವಟಿಕೆಗೆ ಬಳಸುವಂತಿಲ್ಲ.

ಹೀಗಾಗಿ ಅಭ್ಯರ್ಥಿ ದರ್ಶನಕ್ಕೆ ಬರಬಹುದು, ಪೂಜೆ ಮಾಡಿಸಬಹುದು. ಅಭಿಷೇಕದ ವೇದಿಕೆಯಲ್ಲಿ ಮತ ಕೇಳಬಾರದು. ಮುನಿಗಳ, ಭಟ್ಟಾರಕರ ಚಿತ್ರವನ್ನು ಕರಪತ್ರದಲ್ಲಿ ಹಾಕದಿರುವುದು ಕ್ಷೇಮ. ಬಸದಿಗೆ ಬರುವವರು ಎಲ್ಲ ಪಕ್ಷಗಳವರು. ಆಡಳಿತ ಸಮಿತಿ ಒಬ್ಬರ ಕಡೆ ವಾಲಿದರೆ ಚುನಾವಣೆ ಮುಗಿದರೂ ಆ ಒಡಕು ಮುಗಿಯುವುದಿಲ್ಲ.

ಹಳ್ಳಿಯ ಪ್ರಚಾರದಲ್ಲಿ ಜೈನ ಅಭ್ಯರ್ಥಿಗೆ ಇನ್ನೊಂದು ಕಷ್ಟವಿದೆ. ಬಾಡೂಟ, ಮದ್ಯದ ಬೇಡಿಕೆ ಬಂದಾಗ ‘ನಾನು ಕೊಡುವುದಿಲ್ಲ, ಬೆಂಬಲಿಗರು ನೋಡಿಕೊಳ್ಳುತ್ತಾರೆ’ ಎಂಬ ಮಾತು ವ್ರತದ ದೃಷ್ಟಿಯಿಂದಲೂ ಕಾನೂನಿನ ದೃಷ್ಟಿಯಿಂದಲೂ ನಿಲ್ಲುವುದಿಲ್ಲ. ಹಿಂಸೆಯನ್ನು ತಾನು ಮಾಡುವುದು, ಮಾಡಿಸುವುದು, ಮಾಡಿದ್ದಕ್ಕೆ ಒಪ್ಪುವುದು ಮೂರನ್ನೂ ಜೈನಾಗಮ ಒಂದೇ ಸಾಲಿನಲ್ಲಿ ಇಡುತ್ತದೆ. ಏಜೆಂಟರು, ಅಥವಾ ಅಭ್ಯರ್ಥಿಯ ಒಪ್ಪಿಗೆಯಿಂದ ಬೇರೆ ಯಾರೇ ಕೊಟ್ಟರೂ 123ನೇ ಕಲಂ ಅದನ್ನು ಲಂಚವೆಂದೇ ಎಣಿಸುತ್ತದೆ. ಪರಿಗ್ರಹ ಪರಿಮಾಣದ ವ್ರತವಿರುವ ಶ್ರಾವಕರು ಮನೆ, ತೋಟ ಅಡವಿಟ್ಟು ನಿಲ್ಲುವ ಮೊದಲು ಎಷ್ಟು ಖರ್ಚು ಮಾಡಬೇಕೆಂಬುದನ್ನು ಮನೆಯವರೊಂದಿಗೆ ಕುಳಿತು ನಿಶ್ಚಯಿಸುವುದು ಒಳ್ಳೆಯದು.

ಜಯನಗರದ 16 ಮತಗಳು

ಬೆಂಗಳೂರು ದಕ್ಷಿಣದ ಬಡಾವಣೆಗಳಲ್ಲಿ ಹಾಸನ, ತುಮಕೂರು, ಮಂಡ್ಯ, ಕರಾವಳಿ, ಬೆಳಗಾವಿ ಕಡೆಯಿಂದ ಬಂದ ಜೈನ ಕುಟುಂಬಗಳಿವೆ. ರಾಜಸ್ಥಾನ, ಗುಜರಾತ್ ಮೂಲದ ಕುಟುಂಬಗಳೂ ಇವೆ. ಎಷ್ಟೋ ಮನೆಗಳಲ್ಲಿ ವಾಸ ಇಲ್ಲಿ, ಮತ ಊರಿನಲ್ಲಿ. ‘ನಮ್ಮ ನಾಲ್ಕು ಮತದಿಂದ ಏನಾದೀತು’ ಎನ್ನುವವರಿಗೆ ಜಯನಗರ ಕ್ಷೇತ್ರವೇ ಉತ್ತರ.

2018ರ ಮೇ 4ರಂದು ಪ್ರಚಾರದ ನಡುವೆ ಶಾಸಕ ಬಿ.ಎನ್. ವಿಜಯಕುಮಾರ್ ನಿಧನರಾದ ಕಾರಣ ಇಲ್ಲಿ ಮತದಾನ ಜೂನ್ 11ಕ್ಕೆ ಮುಂದೆ ಹೋಯಿತು. ಮೊದಲ ಬಾರಿ ಸ್ಪರ್ಧಿಸಿದ್ದ ಕಾಂಗ್ರೆಸ್‌ನ ಸೌಮ್ಯ ರೆಡ್ಡಿ 2,889 ಮತಗಳ ಅಂತರದಿಂದ ಗೆದ್ದರು. 2023ರ ಮೇ 13ರಂದು ಅದೇ ಕ್ಷೇತ್ರದಲ್ಲಿ ಮರು ಎಣಿಕೆ ರಾತ್ರಿಯವರೆಗೂ ನಡೆಯಿತು. ಭಾರತೀಯ ಜನತಾ ಪಕ್ಷದ ಸಿ.ಕೆ. ರಾಮಮೂರ್ತಿ ಅವರಿಗೆ 57,797, ಸೌಮ್ಯ ರೆಡ್ಡಿ ಅವರಿಗೆ 57,781 ಮತಗಳು. ಅಂತರ 16. ನಾಲ್ಕೈದು ಮನೆಗಳ ಮತ ಅಷ್ಟಾಗುತ್ತದೆ.

ಒಬ್ಬರ ಹೆಸರು ಒಂದೇ ಪಟ್ಟಿಯಲ್ಲಿರಬೇಕು. ಊರಿನಲ್ಲೂ ಇಲ್ಲೂ ಇಟ್ಟುಕೊಳ್ಳುವುದಕ್ಕೆ ಅವಕಾಶವಿಲ್ಲ. ಸುಳ್ಳು ಘೋಷಣೆಗೆ ಒಂದು ವರ್ಷದವರೆಗೆ ಜೈಲು ಶಿಕ್ಷೆಯಾಗಬಹುದು. ಹೊಸ ಮತದಾರರು ನಮೂನೆ 6, ವಿಳಾಸ ಬದಲಿಸುವವರು ನಮೂನೆ 8 ತುಂಬಬೇಕು. ಮತದಾನದ ಹಕ್ಕು ಇರುವುದು ವಾಸ್ತವವಾಗಿ ವಾಸಿಸುವ ಕಡೆ. ಊರಿನಲ್ಲಿ ಮನೆ, ಜಮೀನು ಇದ್ದ ಮಾತ್ರಕ್ಕೆ ಅಲ್ಲಿನ ಪಟ್ಟಿಯಲ್ಲಿ ಹೆಸರು ಉಳಿಸಿಕೊಳ್ಳಲು ಬರುವುದಿಲ್ಲ.

ಊರಿನಿಂದ ನಿಂತ ಅಭ್ಯರ್ಥಿಗೆ ನಗರದ ಬಂಧುಗಳು ಬೇರೆ ರೀತಿಯಲ್ಲಿ ನೆರವಾಗಬಹುದು. ಪ್ರಮಾಣಪತ್ರ ತುಂಬಲು ಬಲ್ಲ ವಕೀಲರು, ದಿನದ ಖರ್ಚು ಬರೆದಿಡುವ ಲೆಕ್ಕಪರಿಶೋಧಕರು, ಎಣಿಕೆಯ ದಿನ ಕೊನೆಯ ಸುತ್ತಿನವರೆಗೂ ಮೇಜಿನ ಬಳಿ ಕದಲದೆ ಕೂರುವ ಏಜೆಂಟರು ಮೊದಲ ಬಾರಿ ನಿಂತವರಿಗೆ ಸುಲಭವಾಗಿ ಸಿಗುವುದಿಲ್ಲ. ದೇಣಿಗೆ ಕೊಡುವುದಿದ್ದರೆ ಚುನಾವಣಾ ಖಾತೆಗೆ ಚೆಕ್ ಅಥವಾ ಬ್ಯಾಂಕ್ ವರ್ಗಾವಣೆಯ ಮೂಲಕ ಕೊಡುವುದು ಒಳ್ಳೆಯದು.