ಫಝ್ ಪರೀಕ್ಷೆಯಲ್ಲಿ ಗುರಿಯ ಆಯ್ಕೆ: ಒಂದು ಚಾರಿತ್ರಿಕ ನೋಟ

ತಂತ್ರಾಂಶಕ್ಕೆ ಅಸ್ತವ್ಯಸ್ತ ದತ್ತಾಂಶವನ್ನು ಸತತವಾಗಿ ಉಣಿಸಿ, ಅದು ಎಲ್ಲಿ ಕುಸಿಯುತ್ತದೆಂಬುದನ್ನು ಕಂಡುಕೊಳ್ಳುವ ವಿಧಾನವೇ ಫಝ್ ಪರೀಕ್ಷೆ. ಇದರ ಹುಟ್ಟಿನ ಬಗೆಗೆ ಒಂದು ಕಥೆ ಪ್ರಚಲಿತವಾಗಿದೆ. 1988ರಲ್ಲಿ ಬಿರುಮಳೆಯ ಒಂದು ರಾತ್ರಿ, ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಬಾರ್ಟನ್ ಮಿಲ್ಲರ್ ಅವರು ದೂರವಾಣಿ ತಂತಿಯ ಮೂಲಕ ಯೂನಿಕ್ಸ್ ಗಣಕವನ್ನು ಬಳಸುತ್ತಿದ್ದಾಗ, ತಂತಿಯ ಗದ್ದಲದಿಂದ ಅಕ್ಷರಗಳು ಕೆಟ್ಟು ಪ್ರೋಗ್ರಾಮ್‌ಗಳು ಕುಸಿದವು. ಹುಟ್ಟಿನ ಕಥೆಗಳು ಆಕಸ್ಮಿಕವನ್ನು ನೆನಪಿನಲ್ಲಿಡುತ್ತವೆ. ಅದರ ಹಿಂದೆಯೇ ನಡೆದ ಆಯ್ಕೆಯನ್ನು ಮರೆಯುತ್ತವೆ.

ಮಿಲ್ಲರ್ ಮತ್ತು ಅವರ ವಿದ್ಯಾರ್ಥಿಗಳು ಗುರಿಯಾಗಿ ಆರಿಸಿಕೊಂಡದ್ದು ನಿತ್ಯಬಳಕೆಯ ಯೂನಿಕ್ಸ್ ಪ್ರೋಗ್ರಾಮ್‌ಗಳನ್ನು. 1990ರಲ್ಲಿ ಪ್ರಕಟವಾದ ಅವರ ಅಧ್ಯಯನವು ಯೂನಿಕ್ಸ್‌ನ 7 ಆವೃತ್ತಿಗಳಲ್ಲಿ ಸುಮಾರು 90 ಪ್ರೋಗ್ರಾಮ್‌ಗಳನ್ನು ಪರೀಕ್ಷಿಸಿತು. ಪ್ರತಿ ಆವೃತ್ತಿಯಲ್ಲಿಯೂ ಶೇ. 25ರಿಂದ 33ರಷ್ಟು ವಿಫಲವಾದವು.

ಮುಂದೆ ಗುರಿ ಕಿರಿದಾಗುತ್ತ ಬಂದಿತು. 2013ರಲ್ಲಿ ಮಿಹಾವ್ ಜಲೆವ್‌ಸ್ಕಿ ಅವರು ಹೊರತಂದ, ಮೊಲದ ತಳಿಯೊಂದರ ಹೆಸರು ಹೊತ್ತ ಎಎಫ್‌ಎಲ್ ಉಪಕರಣದಲ್ಲಿ, ಪರೀಕ್ಷಿಸಬೇಕಾದ ಪ್ರೋಗ್ರಾಮ್‌ನ ಹೆಸರನ್ನು ಆದೇಶದ ಸಾಲಿನಲ್ಲಿ ಸೂಚಿಸಬೇಕು. ಆ ಸಾಲಿನಲ್ಲಿ '@@' ಚಿಹ್ನೆ ಇರುವೆಡೆ ಪರೀಕ್ಷಾ ಕಡತದ ಹೆಸರು ಬಂದು ಕೂರುತ್ತದೆ; ಚಿಹ್ನೆ ಇಲ್ಲದಿದ್ದರೆ ದತ್ತಾಂಶವು ಪ್ರೋಗ್ರಾಮ್‌ನ ಸಾಮಾನ್ಯ ಒಳಹರಿವಿನ ಮೂಲಕ ಸಾಗುತ್ತದೆ. ಎಲ್‌ಎಲ್‌ವಿಎಂ ಯೋಜನೆಯ ಲಿಬ್‌ಫಝರ್‌ನಲ್ಲಿ ಗುರಿಯು ಒಂದೇ ಫಂಕ್ಷನ್. ಅದನ್ನು ಪರೀಕ್ಷಕನೇ ಬರೆದುಕೊಡಬೇಕು. 2017ರ ಎಎಫ್‌ಎಲ್‌ಗೋ, ಆಕರಸಂಕೇತದ ನಿರ್ದಿಷ್ಟ ಸಾಲುಗಳನ್ನೇ ಗುರಿಯಾಗಿ ಗೊತ್ತುಮಾಡುವ ಅವಕಾಶವನ್ನಿತ್ತಿತು.

ಈ ಆಯ್ಕೆಯ ಮಹತ್ವವನ್ನು 2014ರ ಏಪ್ರಿಲ್‌ನಲ್ಲಿ ಬಯಲಾದ ಹಾರ್ಟ್‌ಬ್ಲೀಡ್ ದೋಷ ಮನಗಾಣಿಸಿತು. ಅಂತರಜಾಲದ ಗುಪ್ತ ಸಂವಹನವನ್ನು ಕಾಯುವ ಓಪನ್‌ಎಸ್‌ಎಸ್‌ಎಲ್‌ನಲ್ಲಿ 2012ರಿಂದಲೂ ಅದು ಅಡಗಿತ್ತು. ಸಂದೇಶವು ತಾನೇ ಹೇಳಿಕೊಂಡ ಉದ್ದವನ್ನು ಪರಿಶೀಲಿಸದೆ ನಂಬಿದ್ದರಿಂದ, ಒಮ್ಮೆಗೆ 64 ಕಿಲೋಬೈಟ್‌ವರೆಗಿನ ಸ್ಮೃತಿ ಹೊರಕ್ಕೆ ಸೋರುತ್ತಿತ್ತು. ಮರುವರ್ಷ ಜರ್ಮನಿಯ ಪತ್ರಕರ್ತ ಹಾನ್ನೊ ಬ್ಯೋಕ್ ಅವರು, ಭದ್ರ ಸಂಪರ್ಕದ ಆರಂಭಿಕ ಸಂವಾದವನ್ನು ನಡೆಸುವ ಚಿಕ್ಕ ಪ್ರೋಗ್ರಾಮೊಂದನ್ನು ಗುರಿಯಾಗಿ ರಚಿಸಿ, ಎಲ್ಲೆ ಮೀರಿದ ಸ್ಮೃತಿಬಳಕೆಯನ್ನು ಹಿಡಿಯುವ ಅಡ್ರೆಸ್‌ಸ್ಯಾನಿಟೈಸರ್‌ನೊಡನೆ ಎಎಫ್‌ಎಲ್ ಅನ್ನು ನಡೆಸಿದರು. ಸುಮಾರು 6 ಗಂಟೆಗಳಲ್ಲಿ ಅದೇ ದೋಷ ಸಿಕ್ಕಿತು. 2016ರಲ್ಲಿ ಗೂಗಲ್ ಆರಂಭಿಸಿದ ಓಎಸ್‌ಎಸ್‌-ಫಝ್ ಯೋಜನೆಗೂ ಹಾರ್ಟ್‌ಬ್ಲೀಡ್ ಪ್ರೇರಣೆಯಾಯಿತು. ಅಲ್ಲಿಯೂ ಪ್ರತಿ ತಂತ್ರಾಂಶಕ್ಕೆ ತಕ್ಕ ಗುರಿಯನ್ನು ಬರೆದು ಸೇರಿಸಬೇಕು.

ಹೀಗೆ, ಯಂತ್ರವು ದಣಿವಿಲ್ಲದೆ ಲಕ್ಷಾಂತರ ಬಾರಿ ಬಾಗಿಲು ತಟ್ಟಬಲ್ಲುದು. ಯಾವ ಬಾಗಿಲೆಂಬುದನ್ನು ಗೊತ್ತುಮಾಡುವ ಹೊಣೆ ಮಾತ್ರ ಇಂದಿಗೂ ಬಹುಮಟ್ಟಿಗೆ ಮನುಷ್ಯನದಾಗಿಯೇ ಉಳಿದಿದೆ. ದೋಷ ಕಾಣಲಿಲ್ಲವೆಂಬ ವರದಿಯನ್ನು ಓದುವಾಗ, ಗುರಿ ಯಾವುದಾಗಿತ್ತೆಂದು ಮೊದಲು ಕೇಳಬೇಕಾದುದು ಇದರಿಂದಲೇ.