ಬೆಂಕಿಗೂ ಬಗ್ಗದ ಕ್ಯಾಲ್ಸಿಯಂ

ಉಕ್ಕಿದ ಸಾರು ಗ್ಯಾಸ್ ಒಲೆಗೆ ಬಿದ್ದರೆ ನೀಲಿ ಜ್ವಾಲೆ ಹಳದಿಯಾಗುತ್ತದೆ. ಅದು ಉಪ್ಪಿನಲ್ಲಿರುವ ಸೋಡಿಯಂನ ಬೆಳಕು. ಪ್ರತಿ ಮೂಲಧಾತುವೂ ಹೀಗೆ ತನ್ನದೇ ಬಣ್ಣದ ಗೆರೆಗಳನ್ನು ಹೊಮ್ಮಿಸುತ್ತದೆಂದು ಬುನ್ಸೆನ್ ಮತ್ತು ಕಿರ್ಕಾಫ್ 1860ರಲ್ಲಿ ಹೈಡೆಲ್‌ಬರ್ಗ್‌ನಲ್ಲಿ ತೋರಿಸಿದರು. ಅದೇ ವರ್ಷ ಡ್ಯುರ್ಕ್‌ಹೈಮ್‌ನ ಖನಿಜ ನೀರಿನಲ್ಲಿ, ಎರಡು ನೀಲಿ ಗೆರೆಗಳ ಸುಳಿವಿನಿಂದ, ಸೀಸಿಯಂ ಎಂಬ ಹೊಸ ಧಾತುವನ್ನೇ ಕಂಡುಹಿಡಿದರು.

ಇದೆಯೋ ಇಲ್ಲವೋ ಎಂದು ಹೇಳುವುದು ಒಂದು, ಎಷ್ಟಿದೆ ಎಂದು ಹೇಳುವುದು ಬೇರೆ. ಸ್ವೀಡನ್ನಿನ ಸಸ್ಯವಿಜ್ಞಾನಿ ಲುಂಡೆಗಾರ್ಡ್ 1920ರ ದಶಕದ ಕೊನೆಯಲ್ಲಿ ದ್ರಾವಣವನ್ನು ಅಸೆಟಿಲಿನ್ ಜ್ವಾಲೆಗೆ ತುಂತುರಾಗಿ ಬಿಟ್ಟು, ಗೆರೆಯ ಪ್ರಕಾಶವನ್ನು ಅಳೆದ. ಮುಂದೆ ಫ್ಲೇಮ್ ಫೋಟೊಮೀಟರ್ ಆಸ್ಪತ್ರೆಗಳಿಗೂ ಬಂತು. ಸೋಡಿಯಂ, ಪೊಟ್ಯಾಸಿಯಂ ಸಲೀಸಾಗಿ ಸಿಕ್ಕವು. ಕ್ಯಾಲ್ಸಿಯಂ ಮಾತ್ರ ಸತಾಯಿಸಿತು.

ಕಾರಣ ಫಾಸ್ಫೇಟ್. ತುಂತುರು ಹನಿ ಜ್ವಾಲೆಯಲ್ಲಿ ಒಣಗುವಾಗ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಗಟ್ಟಿಯಾಗಿ ಬೆಸೆದುಕೊಳ್ಳುತ್ತವೆ. ಸುಮಾರು 2300 ಡಿಗ್ರಿಯ ಜ್ವಾಲೆಗೂ ಆ ಕಣವನ್ನು ಪೂರ್ತಿ ಒಡೆಯಲಾಗದು. ಬಿಡಿ ಪರಮಾಣು ಕಡಿಮೆಯಾದರೆ ಬೆಳಕೂ ಕಡಿಮೆ. ಯಂತ್ರವೇನೂ ತಪ್ಪೆಂದು ಕೂಗುವುದಿಲ್ಲ. ಅಚ್ಚುಕಟ್ಟಾದ ಒಂದು ಸಣ್ಣ ಅಂಕಿ ತೋರಿಸುತ್ತದೆ, ಅಷ್ಟೆ. ರಕ್ತದಲ್ಲಿ ಇವೆರಡೂ ಯಾವಾಗಲೂ ಒಟ್ಟಿಗಿರುತ್ತವೆ. ಕ್ಯಾಲ್ಸಿಯಂ ನಿಜಕ್ಕೂ ತಗ್ಗಿದರೆ ಕೈಕಾಲು ಸೆಟೆದುಕೊಳ್ಳುತ್ತದೆ, ವೈದ್ಯರು ಚಿಕಿತ್ಸೆ ನಿರ್ಧರಿಸುವುದೂ ಆ ಅಂಕಿ ನೋಡಿಯೇ.

ಇದಕ್ಕೆ ಸಿಕ್ಕ ಮದ್ದು ಸೊಗಸಾದದ್ದು: ಮಾದರಿಗೆ ಧಾರಾಳವಾಗಿ ಲ್ಯಾಂಥನಮ್ ಬೆರೆಸುವುದು. ಅದು ಫಾಸ್ಫೇಟನ್ನು ತಾನೇ ಹಿಡಿದುಕೊಂಡು ಕ್ಯಾಲ್ಸಿಯಂ ಅನ್ನು ಬಿಡಿಸುತ್ತದೆ. ಸ್ಟ್ರಾಂಷಿಯಂ ಕೂಡ ಇದೇ ಕೆಲಸ ಮಾಡುತ್ತದೆ. ಹೋಲಿಕೆಯ ದ್ರಾವಣಗಳಿಗೂ ಅಷ್ಟೇ ಹಾಕಬೇಕು, ಮರೆತರೆ ಶ್ರಮವೆಲ್ಲ ವ್ಯರ್ಥ.

ಇನ್ನೊಂದು ದಾರಿ, ಬೆಂಕಿಯನ್ನೇ ಬದಲಿಸುವುದು. ಇಂಗ್ಲೆಂಡಿನ ಓಲ್ಡ್‌ಬರಿಯಲ್ಲಿ, ಬೆಂಕಿಕಡ್ಡಿಯ ರಂಜಕದಿಂದ ಬೆಳೆದ ಆಲ್‌ಬ್ರೈಟ್ ಅಂಡ್ ವಿಲ್ಸನ್ ಕಂಪನಿಯಲ್ಲಿ ಸ್ಟ್ಯಾನ್ಲಿ ಗ್ರೀನ್‌ಫೀಲ್ಡ್ ಕೆಲಸ ಮಾಡುತ್ತಿದ್ದ. ರಂಜಕವೇ ಕಸುಬಾದ ಕಡೆ ಫಾಸ್ಫೇಟಿನಿಂದ ತಪ್ಪಿಸಿಕೊಳ್ಳುವುದು ಎಲ್ಲಿಗೆ? 1964ರಲ್ಲಿ ಅವನೂ ಸಂಗಡಿಗರೂ ರೇಡಿಯೊ ತರಂಗದ ಶಕ್ತಿಯಿಂದ ಉರಿಯುವ ಆರ್ಗಾನ್ ಪ್ಲಾಸ್ಮಾವನ್ನು ವಿಶ್ಲೇಷಣೆಗೆ ಬಳಸಿ ತೋರಿಸಿದರು. ಮರುವರ್ಷ ಅಮೆರಿಕದ ಅಯೋವಾದಲ್ಲಿ ವೆಲ್ಮರ್ ಫ್ಯಾಸೆಲ್ ತಂಡವೂ ಸ್ವತಂತ್ರವಾಗಿ ಇದನ್ನೇ ಪ್ರಕಟಿಸಿತು. ಪ್ಲಾಸ್ಮಾದ 6000 ಕೆಲ್ವಿನ್ ದಾಟುವ ಬಿಸಿಯಲ್ಲಿ ಯಾವ ಬೆಸುಗೆಯೂ ಉಳಿಯುವುದು ಕಷ್ಟ.

ಹಳೆಯ ಅಡ್ಡಿ ಬಹುಮಟ್ಟಿಗೆ ಹೋಯಿತು, ಹೊಸದು ಬಂತು. ಆ ಬಿಸಿಗೆ ಕಬ್ಬಿಣದಂಥ ಧಾತುಗಳು ಸಾವಿರಾರು ಗೆರೆಗಳನ್ನು ಹೊಮ್ಮಿಸಿ, ಲವಾಂಶದಲ್ಲಿರುವ ಬೇರೊಂದು ಧಾತುವಿನ ಗೆರೆಯ ಮೇಲೆಯೇ ಕೂರುತ್ತವೆ. ಎಚ್ಚರದ ವಿಶ್ಲೇಷಕರು ಈಗಲೂ ಒಂದೇ ಧಾತುವನ್ನು ಎರಡು ಮೂರು ಗೆರೆಗಳಲ್ಲಿ ಅಳೆದು, ಅಂಕಿಗಳು ಒಂದಕ್ಕೊಂದು ಹೊಂದುತ್ತವೆಯೇ ಎಂದು ನೋಡುವುದು ಅದಕ್ಕೇ.