ಇಂಡಸ್ಟ್ರಿ 5.0: ಸಣ್ಣ ಶೆಡ್‌ಗೆ ಇದರಿಂದ ಏನು?

'ಇಂಡಸ್ಟ್ರಿ 4.0' ಅನ್ನೋ ಮಾತು ಜರ್ಮನಿಯ ಹ್ಯಾನೋವರ್ ಮೇಳದಲ್ಲಿ ಕೇಳಿಬಂದದ್ದು 2011ರಲ್ಲಿ. ಯಂತ್ರಗಳಿಗೆ ಸೆನ್ಸರ್ ಹಾಕಿ, ಇಂಟರ್ನೆಟ್‌ಗೆ ಜೋಡಿಸಿ, ಉತ್ಪಾದನೆ ಆದಷ್ಟೂ ತಾನಾಗಿಯೇ ನಡೆಯುವಂತೆ ಮಾಡುವುದು ಅದರ ತಿರುಳು. 2021ರ ಜನವರಿಯಲ್ಲಿ ಯುರೋಪಿಯನ್ ಕಮಿಷನ್ 'ಇಂಡಸ್ಟ್ರಿ 5.0' ಕುರಿತ ದಾಖಲೆ ಹೊರತಂದಿತು. ಉದ್ಯಮ ಮನುಷ್ಯಕೇಂದ್ರಿತವಾಗಿರಬೇಕು, ಪರಿಸರಕ್ಕೆ ಹೊರೆಯಾಗಬಾರದು, ಆಘಾತ ತಾಳಿಕೊಳ್ಳಬೇಕು ಅನ್ನುವುದು ಅದರ ಮೂರು ಆಧಾರ. ಇಲ್ಲಿ ಮೊದಲನೆಯದರ ಮಾತು ಮಾತ್ರ.

ಬೆಂಗಳೂರಿನ ಪೀಣ್ಯದಂಥ ಕಡೆ ಒಂದು ಸಣ್ಣ ಶೆಡ್ ಊಹಿಸಿಕೊಳ್ಳಿ. ಹತ್ತು ಹದಿನೈದು ಜನ, ಎರಡು ಸಿಎನ್‌ಸಿ, ಒಂದು ಹಳೇ ಪವರ್ ಪ್ರೆಸ್. ಇವತ್ತು ಇನ್ನೂರು ಬ್ರಾಕೆಟ್, ನಾಳೆ ಐವತ್ತು ಬುಷ್. ಇಷ್ಟು ಬದಲಾಗುವ ಕೆಲಸಕ್ಕೆ ಪೂರ್ತಿ ಯಾಂತ್ರೀಕರಣ ಗಿಟ್ಟೋದು ಕಷ್ಟ. ಸೆಟ್ಟಿಂಗ್ ಬಲ್ಲ ಆಪರೇಟರ್ ಇಲ್ಲದೆ ಏನೂ ನಡೆಯೋದಿಲ್ಲ.

ಅದಕ್ಕೇ 'ಕೋಬಾಟ್' ಆಸೆ ಹುಟ್ಟಿಸುತ್ತದೆ: ಮನುಷ್ಯನ ಪಕ್ಕದಲ್ಲೇ ಕೆಲಸ ಮಾಡುವ, ಮೈಗೆ ತಾಗಿದರೆ ನಿಲ್ಲುವ ರೋಬೋ ತೋಳು. ಡೆನ್ಮಾರ್ಕಿನ ಯೂನಿವರ್ಸಲ್ ರೋಬೋಟ್ಸ್ ತನ್ನ ಮೊದಲ ಕೋಬಾಟ್ ಮಾರಿದ್ದು 2008ರಲ್ಲಿ. ತೋಳನ್ನು ಕೈಯಲ್ಲಿ ಹಿಡಿದು ನಡೆಸಿ ಕೆಲಸ ಕಲಿಸಬಹುದು, ಪ್ರೋಗ್ರಾಮರ್ ಬೇಕೆಂದೇನಿಲ್ಲ. ಆದರೆ ತೋಳು ಸುರಕ್ಷಿತ ಅಂದ ಮಾತ್ರಕ್ಕೆ ಕೆಲಸ ಸುರಕ್ಷಿತ ಅಲ್ಲ. ಅದು ಹಿಡಿದ ತಗಡಿನ ಅಂಚು ಕೊಯ್ಯಬಹುದು. ಹಾಗಾಗಿ ಉಪಕರಣ, ಬಿಡಿಭಾಗ, ಸುತ್ತಲಿನ ಜಾಗ ಎಲ್ಲದರ ಅಪಾಯ ಅಂದಾಜಿಸಬೇಕು. 2016ರ ಐಎಸ್‌ಒ/ಟಿಎಸ್ 15066 ನಿಂತಿರುವುದೂ ಇದರ ಮೇಲೆಯೇ. ಷೋರೂಮ್ ಡೆಮೊದಲ್ಲಿ ಇದೆಲ್ಲ ಕಾಣಿಸೋದಿಲ್ಲ ಬಿಡಿ.

ನನ್ನ ಪ್ರಕಾರ ಕೋಬಾಟ್‌ಗಿಂತ ಮೊದಲು ನೋಡಬೇಕಾದ್ದು ಮೂಲೆಯಲ್ಲಿರುವ ಆ ಪ್ರೆಸ್ಸನ್ನು. ವಾಹನ ಬಿಡಿಭಾಗ ಘಟಕಗಳಲ್ಲಿ ಗಾಯಗೊಂಡ ಕಾರ್ಮಿಕರ ಬಗ್ಗೆ 'ಸೇಫ್ ಇನ್ ಇಂಡಿಯಾ' ಪ್ರತಿಷ್ಠಾನ 2019ರಿಂದ 'ಕ್ರಷ್ಡ್' ಎಂಬ ವರದಿ ತರುತ್ತಿದೆ. ಹರಿಯಾಣದ ಪ್ರೆಸ್‌ಗಳಲ್ಲಿ ಬೆರಳು ಕಳೆದುಕೊಂಡವರ ಕತೆ ಅದರಲ್ಲಿ ಮತ್ತೆ ಮತ್ತೆ ಬರುತ್ತದೆ. ಎರಡೂ ಕೈಯಿಂದ ಗುಂಡಿ ಒತ್ತಿದರಷ್ಟೇ ಇಳಿಯುವ ವ್ಯವಸ್ಥೆ, ಕೈ ಅಡ್ಡ ಬಂದರೆ ನಿಲ್ಲಿಸುವ ಲೈಟ್ ಕರ್ಟನ್, ಇವೆಲ್ಲ ಹಳೆಯ ತಂತ್ರಜ್ಞಾನವೇ. ಒಂದು ಎಚ್ಚರ: ಕೀ-ಕ್ಲಚ್ ಇರುವ ಹಳೇ ಪ್ರೆಸ್ ಒಮ್ಮೆ ಇಳಿಯತೊಡಗಿದರೆ ನಡುವೆ ನಿಲ್ಲೋದಿಲ್ಲ. ಅದಕ್ಕೆ ಲೈಟ್ ಕರ್ಟನ್ ಹಾಕಿ ಪ್ರಯೋಜನವಿಲ್ಲ. ಕೈ ಒಳಹೋಗದಂತೆ ಗಟ್ಟಿ ಗಾರ್ಡ್ ಬೇಕು, ಇಲ್ಲವೇ ಪ್ರೆಸ್ಸನ್ನೇ ಬದಲಿಸಬೇಕು.

ಸೆನ್ಸರ್ ವಿಚಾರವೂ ಹೀಗೇ. ಸ್ಪಿಂಡಲ್‌ನ ಕಂಪನ ಅಳೆದು ಬೇರಿಂಗ್ ಹೋಗುವ ಮೊದಲೇ ತಿಳಿಸುವ ಸೆನ್ಸರ್ ಆಪರೇಟರ್‌ಗೆ ನೆರವು. ಅದೇ ಮಾಹಿತಿ ಇಟ್ಟುಕೊಂಡು ಆತ ಎಷ್ಟು ನಿಮಿಷ ಎದ್ದು ಹೋಗಿದ್ದ ಅಂತ ಲೆಕ್ಕ ಹಾಕಿದರೆ ಅದು ಕಾವಲು. ಯಾವ ಮಾಹಿತಿ ಯಾರ ಕೈಗೆ ಅನ್ನುವುದನ್ನು ಯಂತ್ರ ಕೊಳ್ಳುವ ಮುಂಚೆಯೇ ಕಾರ್ಮಿಕರನ್ನು ಕೂರಿಸಿಕೊಂಡು ತೀರ್ಮಾನಿಸಬೇಕು.

ಹಣದ ಮಾತು. 2023ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಹೊಸದಾಗಿ ಆರಂಭಿಸಿದ ಎಂಎಸ್‌ಎಂಇ ಲೀನ್ ಯೋಜನೆಯಲ್ಲಿ ಸಲಹೆ, ಮಾರ್ಗದರ್ಶನದ ಶುಲ್ಕದ ಶೇ 90ರಷ್ಟನ್ನು ಸರ್ಕಾರ ಭರಿಸುತ್ತದೆ. ಯಂತ್ರದ ಬೆಲೆ ಇದರಲ್ಲಿ ಸೇರುವುದಿಲ್ಲ. ಕೆಲಸದ ಜಾಗ ಒಪ್ಪವಾಗಿಸಲು, ದಂಡವಾಗುವ ಸಮಯ ಕಂಡುಕೊಳ್ಳಲು ಬಳಸಬಹುದು. ಸೇರಲು ಉದ್ಯಮ್ ನೋಂದಣಿ ಇರಬೇಕು.